ಅಮ್ಮನ ಜೊತೆ ಕೇದಾರನಾಥಕ್ಕೆ ನಡೆದು ಹೋಗೋದು: ಮೂರು ತಿಂಗಳ ತಯಾರಿ ಸಾಕಾ?

ಹರಿಹರದವಳು:
ನಮಸ್ಕಾರ. ಅಮ್ಮನಿಗೆ 61. ಅಪ್ಪ ಹೋದ ಮೇಲೆ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಅದೂ ನಡೆದೇ ಹೋಗಬೇಕಂತೆ. "ಮೂಕಪ್ರಾಣಿ ಬೆನ್ನ ಮೇಲೆ ಕೂತು ಹೋಗಿ ಬರೋ ಪುಣ್ಯ ನನಗೆ ಬೇಡ" ಅಂತ ಕುದುರೆ ಮಾತು ತೆಗೆಯೋಕೇ ಬಿಡಲ್ಲ. ಬಿಪಿ ಮಾತ್ರೆ ತಗೋತಾರೆ. ಬಲ ಮಂಡಿ ಮೆಟ್ಟಿಲು ಹತ್ತುವಾಗ ಸುಮ್ಮನಿರುತ್ತೆ, ಇಳಿಯುವಾಗ ಹಿಡಿಯುತ್ತೆ. ದಿನಾ ಬೆಳಿಗ್ಗೆ ಹೊಳೆ ಕಡೆಗೆ ಒಂದು ಗಂಟೆ ನಡೀತಾರೆ.

ಸೆಪ್ಟೆಂಬರ್ ಕೊನೆಗೆ ಅಂದುಕೊಂಡಿದ್ದೀವಿ. ನನಗೆ ಸಿಗೋದು ಆರು ದಿನ ರಜೆ. ಬೆಂಗಳೂರಿಂದ ಡೆಹ್ರಾಡೂನ್‌ಗೆ ವಿಮಾನ, ಇಳಿದ ತಕ್ಷಣ ಟ್ಯಾಕ್ಸಿ, ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಗಾಗೋಷ್ಟರಲ್ಲಿ ಸೋನ್‌ಪ್ರಯಾಗ್, ಅವತ್ತೇ ಹತ್ತಿ ಸಂಜೆ ಆರತಿ, ಮರುದಿನ ಇಳಿಯೋದು. ಸರಿ ಇದೆಯಾ? ಅಮ್ಮ ಹುಟ್ಟಿದಾಗಿನಿಂದ ಸೀರೆ ಬಿಟ್ಟು ಬೇರೆ ಉಟ್ಟಿಲ್ಲ. ಅದಕ್ಕೇನು ಮಾಡೋದು?

ಕಿಟಕಿ ಸೀಟು:
ರಾತ್ರಿ ಪ್ರಯಾಣದ ಆಸೆ ಬಿಡಿ. ಅಲ್ಲಿ ಗುಡ್ಡದ ರಸ್ತೆಯಲ್ಲಿ ರಾತ್ರಿ ಹೊತ್ತು ಯಾತ್ರೆ ಗಾಡಿ ಬಿಡೋದಿಲ್ಲ, ಮಳೆಗಾಲ ಮುಗಿದ ಹೊತ್ತಿಗೆ ಗುಡ್ಡ ಜರಿದು ದಾರಿ ಕಟ್ಟೋದೂ ಉಂಟು. ಯಾತ್ರೆ ನೋಂದಣಿ ಕಡ್ಡಾಯ, ಉತ್ತರಾಖಂಡ ಪ್ರವಾಸೋದ್ಯಮದ ಜಾಲತಾಣದಲ್ಲೇ ಮಾಡಿಸಿ. ಚೀಟಿ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ಮೊಬೈಲ್ ಚಳಿಗೆ ಬೇಗ ಸಾಯುತ್ತೆ. ನಿಮ್ಮ ಗಾಡಿ ಸೋನ್‌ಪ್ರಯಾಗ್‌ವರೆಗೆ ಮಾತ್ರ, ಮುಂದಿನ ಐದು ಕಿಲೋಮೀಟರ್, ನಡಿಗೆ ಶುರುವಾಗೋ ಗೌರಿಕುಂಡಕ್ಕೆ, ಅಲ್ಲಿನ ಜೀಪು. ಆ ಜೀಪಿನ ಸಾಲನ್ನೂ ಲೆಕ್ಕಕ್ಕೆ ಹಿಡೀರಿ.

ಧಾರವಾಡದ ಲೆಕ್ಕದ ಮಾಸ್ತರ:
ತಂಗೀ, ನಿಮ್ಮ ಪ್ಲ್ಯಾನ್ ಓದಿ ನನಗ ನನ್ನ 2018ರ ಪ್ಲ್ಯಾನ್ ನೆನಪಾತು. ಡಿಟ್ಟೋ ಇದ. 16 ಕಿಲೋಮೀಟರ್, ತಾಸಿಗೆ ಎರಡು, ಅಂದ್ರ ಎಂಟು ತಾಸು, ಸಂಜಿ ಆರತಿಗೆ ಗುಡಿ ಮುಂದ. ಹಾಳಿ ಮ್ಯಾಲೆ ಭಾಳ ಚಂದ ಕಾಣ್ತಿತ್ತು. ತಯಾರಿ ಅಂತ ಮೂರು ತಿಂಗಳು ದಿನಾ ಮುಂಜಾನೆ ಕಾಲೇಜ್ ಮೈದಾನ ಹತ್ತು ಸುತ್ತು ಹಾಕಿದ್ವಿ, ನಾನು ಮತ್ತು ನನ್ನ ಮನೆಯಾಕಿ. ಸಪಾಟ ನೆಲಾ.

ಒಂದು ಲೆಕ್ಕ ಮಾತ್ರ ನಾ ಮಾಡಿರಲಿಲ್ಲ. ನಮ್ಮ ರಾಜ್ಯದಾಗ ಎಲ್ಲಕ್ಕೂ ಎತ್ತರ ಮುಳ್ಳಯ್ಯನಗಿರಿ, 1,930 ಮೀಟರಿನ ಆಸುಪಾಸು. ಗೌರಿಕುಂಡದಾಗ ನಡಿಗಿ ಶುರು ಆಗೂದ 1,982ಕ್ಕ. ನಮ್ಮ ಗುಡ್ಡ ಎಲ್ಲಿ ಮುಗೀತೈತೋ ಅದರ ಮ್ಯಾಲಿಂದ ಅಲ್ಲಿ ಮೊದಲನೇ ಹೆಜ್ಜಿ. ಗುಡಿ ಇರೂದು 3,583ಕ್ಕ. ಬಯಲು ಸೀಮಿಯಿಂದ ಬಂದು ಎರಡನೇ ದಿನಕ್ಕ ಅಲ್ಲಿ ಮಲಗ್ತೇನಿ ಅಂದ್ರ ತಲಿ ಸುಮ್ಮ ಕೂಡತೈತೇನು?

ದಾರಿಯೊಳಗಿನ ತಂಗುದಾಣ ಭೀಮಬಲಿ ತನಕ ಆಕಿನ ಮುಂದ, ನಾ ಹಿಂದ. 2013ರ ಪ್ರವಾಹದಾಗ ರಾಂಬಾಡಾ ಅನ್ನೂ ಊರ ಕೊಚ್ಚಿ ಹೋತಲ್ಲ, ಈಗ ಅಲ್ಲಿ ಸೇತುವೆ ದಾಟಿ ಮಂದಾಕಿನಿಯ ಆಚಿ ದಂಡಿಗೆ ಹೋಗಬೇಕು. ಅಲ್ಲಿಂದ ಲಿಂಚೋಲಿ ತನಕ ಏರು ಎದಿಗೆ ಬರ್ತೈತಿ. ಲಿಂಚೋಲಿ ಮುಟ್ಟಿದಾಗ ಸಂಜಿ ನಾಕು. ಆಕಿ ತಲಿ ಹಿಡಕೊಂಡು ಕೂತ್ಲು, ಕುಡದ ಚಾ ವಾಂತಿ ಆತು. ನಾ ಕರ್ಪೂರದ ಗಂಟು ಮೂಸಿಸಿದೆ. ಆಕಿ ಅಂತಾಳ, "ಇಷ್ಟು ದೂರ ಬಂದೇವಿ, ಇನ್ನ ನಾಕು ಕಿಲೋಮೀಟರ್, ನಡೀರಿ." ನಾನೂ ಎದ್ದಿದ್ದೆ, ಖರೇ ಹೇಳ್ತೇನಿ. ಚಾದಂಗಡಿ ಗಢವಾಲಿ ಹುಡುಗ ಆಕಿ ತುಟಿ ನೋಡಿ "ನೀಚೇ ಲೇ ಜಾವೋ ಬಾಬೂಜಿ" ಅಂದ. ಎರಡು ಸಲ ಅಂದ. ಬ್ಯಾಟರಿ ಹಿಡಕೊಂಡು ಭೀಮಬಲಿಗೆ ಇಳದ್ವಿ. ಅಲ್ಲಿ ಮುಟ್ಟೂದರಾಗ ಆಕಿ ತಲಿನೋವು ಅರ್ಧಾ ಹೋಗಿತ್ತು, ಖಿಚಡಿ ಉಂಡ್ಲು. ಗುಡಿ ಕಾಣದ ವಾಪಸ್ ಬಂದ್ವಿ. ಹುಬ್ಬಳ್ಳಿ ಸ್ಟೇಶನ್ ಬರೂತನಕ ನನ್ನ ಜೋಡಿ ಮಾತಾಡಲಿಲ್ಲ.

ಮರುವರ್ಷ ಸೆಪ್ಟೆಂಬರ್‌ದಾಗ ಮತ್ತ ಹೋದ್ವಿ. ಈ ಸಲ ಸೋನ್‌ಪ್ರಯಾಗಕ್ಕಿಂತ ಮೊದಲ ಸಿಗೂ ಗುಪ್ತಕಾಶಿಯೊಳಗ ಎರಡು ರಾತ್ರಿ ಸುಮ್ಮ ಬಿದ್ದುಕೊಂಡ್ವಿ. ಒಂದು ದಿನ ಎದುರಿನ ಗುಡ್ಡದ ಊಖೀಮಠಕ್ಕ ಹೋಗಿ ಬಂದ್ವಿ. ಕೇದಾರದ ಬಾಗಿಲಾ ಹಾಕಿದ ಮ್ಯಾಲೆ ಚಳಿಗಾಲದ ಪೂಜಿ ನಡಿಯೂದು ಅಲ್ಲೇ, ಓಂಕಾರೇಶ್ವರ ಗುಡಿಯೊಳಗ. ಅಲ್ಲಿನ ರಾವಲರು, ಅಂದ್ರ ಗುಡಿಯ ಮುಖ್ಯ ಗುರುಗಳು, ನಮ್ಮ ಕಡೆಯಿಂದ ಹೋದ ವೀರಶೈವ ಜಂಗಮರು. ಅಷ್ಟು ದೂರದ ಗುಡ್ಡದಾಗ ಯಾರೋ "ಊಟ ಆತೇನ್ರೀ" ಅಂದಿದ್ದು ಕೇಳಿ ನನ್ನ ಮನೆಯಾಕಿ ಕಟ್ಟಿ ಮ್ಯಾಲೆ ಕೂತ್ಲು, ಏಳವಲ್ಲಳು. ಅದು ತಯಾರಿ ಅಲ್ಲ ಅಂತೀರೇನೋ, ನನ್ನ ಕೇಳಿದ್ರ ಅದೂ ತಯಾರಿನ.

ಗೌರಿಕುಂಡದಾಗ ಒಂದು ರಾತ್ರಿ, ಲಿಂಚೋಲಿಯೊಳಗ ಒಂದು ರಾತ್ರಿ, ಮುಂಜಾನೆ ಗುಡಿ. ದರ್ಶನ ಮುಗಿಸಿ ಅವತ್ತ ಕೆಳಗ. ಮ್ಯಾಲೆ ಮಲಗಲಿಲ್ಲ. ಇನ್ನೊಂದು, ಹೊರಡೂ ಮೊದಲ ಮನಿಯಾಗ ಕೂತು ಮಾತು ಕೊಟ್ಟುಕೊಂಡಿದ್ವಿ: ವಾಂತಿ ಆದ್ರ, ಇಲ್ಲಾ ಮಧ್ಯಾಹ್ನ ಎರಡಕ್ಕ ಲಿಂಚೋಲಿ ಮುಟ್ಟದಿದ್ರ, ಚರ್ಚಾ ಇಲ್ಲ, ಕೆಳಗ. ದಾರಿಯೊಳಗ ಆ ಮಾತು ತಗೀಲಿಕ್ಕೆ ಬರೂದಿಲ್ಲ, ಅಲ್ಲಿ ಎಲ್ಲಾರೂ "ಜೈ ಕೇದಾರ" ಅಂತಿರ್ತಾರ, ವಾಪಸ್ ಅನ್ನಲಿಕ್ಕೆ ನಾಲಗಿ ಹೊಳ್ಳೂದಿಲ್ಲ.

ಮಂಡಿ ವಿಚಾರ. ಹೊಳಿ ದಂಡಿ ನಡಿಗಿ ಸಾಲೂದಿಲ್ಲ. ವಾರಕ್ಕ ಮೂರು ದಿನ ಮೆಟ್ಟಲಾ, ಅದೂ ಇಳಿಯೂದಕ್ಕ ಲಕ್ಷ್ಯ ಕೊಟ್ಟು. ಚಾಮುಂಡಿ ಬೆಟ್ಟಕ್ಕ ಒಂದೆರಡು ಸಲ ಹೋಗಿ ಬರ್ರಿ, ಇಳಿಯೂ ಮುಂದ ಬಸ್ ಹತ್ತಬ್ಯಾಡ್ರಿ. ಬೂಟು ಹೊಸಾದು ಒಯ್ಯಬ್ಯಾಡ್ರಿ, ಎರಡು ತಿಂಗಳು ಹಾಕಿ ಪಳಗಿಸಿದ್ದ ಇರಬೇಕು. ಹೊರಡೂ ಹಿಂದಿನ ದಿನ ಕಾಲುಗುರು ತಗೀರಿ, ಇಳಿಯೂ ಮುಂದ ಬೂಟಿಗೆ ತಾಗಿ ನನ್ನ ಹೆಬ್ಬೆರಳಿನ ಉಗುರು ಕರ್ರಗಾಗಿ ಬಿತ್ತು. ಹೇಸರಗತ್ತಿ ಬಂದ್ರ ಗುಡ್ಡದ ಗ್ವಾಡಿ ಕಡೆ ನಿಂದರ್ರಿ. ಕಣಿವಿ ಕಡೆ ನಿಂತ್ರ ಅದರ ಹೇರು ತಾಗಿದ್ರೂ ಸಾಕು.

ಸೀರಿ: ಮೊದಲನೇ ಸಲ ಆಕಿನೂ ಹಟ ಮಾಡಿ ಉಟ್ಟಿದ್ಲು. ಮಳಿ, ಲದ್ದಿ, ರಾಡಿ. ಅಂಚು ತೊಯ್ದು ಎರಡು ಸೇರು ಭಾರ ಆತು. ಎರಡನೇ ಸಲ ಮಗಳ ಸಲ್ವಾರ್, ಒಳಗ ಉಣ್ಣಿ ಚಡ್ಡಿ. ಹಗುರ ಸೀರಿ ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ ಒಯ್ದು ಗುಡಿ ಹತ್ತರ ಉಟ್ಟುಕೊಂಡ್ಲು. ನಿಮ್ಮ ಅಮ್ಮಗ ಹಿಂಗ ಹೇಳಿ ನೋಡ್ರಿ.

ರಾತ್ರಿಪಾಳಿ ಡಾಕ್ಟರ್:
ಮಾಸ್ತರ ಚಾದಂಗಡಿ ಹುಡುಗ ಹೇಳಿದ್ದೇ ಸರಿಯಾದ ಚಿಕಿತ್ಸೆ. ಕೇದಾರದ ಎತ್ತರದಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಸುಮಾರು ಮೂರನೇ ಎರಡರಷ್ಟು. ಕರ್ಪೂರ ಮೂಸಿದರೆ ಮೂಗು ತೆರೆದಂತೆ ಅನ್ನಿಸುತ್ತದೆ, ರಕ್ತಕ್ಕೆ ಏನೂ ಸೇರುವುದಿಲ್ಲ. ಬೆಳ್ಳಿ ಬಣ್ಣದ ಆಮ್ಲಜನಕದ ಡಬ್ಬಿಗಳೂ ಕೆಲವೇ ನಿಮಿಷದ ಸಮಾಧಾನ.

ಬಿಪಿ ಮಾತ್ರೆಯನ್ನು ಪ್ರವಾಸದಲ್ಲಿ ಒಂದು ದಿನವೂ ತಪ್ಪಿಸಬೇಡಿ. ಈಗಲೇ ಒಂದು ಇಸಿಜಿ ಮಾಡಿಸಿ. ಎತ್ತರದ ತೊಂದರೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಅಮ್ಮನ ವೈದ್ಯರನ್ನೇ ಕೇಳಿ, ಅಂಗಡಿಯಿಂದ ನೇರ ತಂದು ಕೊಡಬೇಡಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಅದನ್ನು ತಗೊಂಡರೆ ಬೆರಳು ಜುಮ್ಮೆನ್ನುತ್ತದೆ, ಮೂತ್ರಕ್ಕೆ ಪದೇಪದೇ ಹೋಗಬೇಕಾಗುತ್ತದೆ. ದಾರಿಯಲ್ಲಿ ಶೌಚಾಲಯ ಹುಡುಕುವ ಕಷ್ಟಕ್ಕೆ ನೀರು ಕುಡಿಯುವುದನ್ನೇ ಬಿಡುವ ಅಮ್ಮಂದಿರನ್ನು ನೋಡಿದ್ದೇನೆ, ಹಾಗಾಗಬಾರದು. ಕೂತಲ್ಲೇ ಏದುಸಿರು, ನಿಲ್ಲದ ಕೆಮ್ಮು, ಕುಡಿದವರ ಹಾಗೆ ತೂರಾಡುವ ನಡಿಗೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಇಳಿಸಿ. ಆಗ ಕುದುರೆಯೋ ಡೋಲಿಯೋ ಅಂತ ಪುಣ್ಯದ ಲೆಕ್ಕ ನೋಡಬೇಡಿ.

ಹೆಲಿಕಾಪ್ಟರ್ ಸುರಕ್ಷಿತ ಅಂತ ಯಾರಾದರೂ ಇಲ್ಲಿ ಬರೆಯುವ ಮೊದಲೇ ಹೇಳುತ್ತೇನೆ: ಅದರಲ್ಲಿ ಹೋದವರಿಗೆ ಕಾಲು ನೋಯುವುದಿಲ್ಲ, ತಲೆ ನೋಯಬಹುದು. ನಿಮಿಷಗಳಲ್ಲಿ ಅಷ್ಟು ಎತ್ತರಕ್ಕೆ ಹೋದರೆ ದೇಹ ಹೊಂದಿಕೊಳ್ಳುವುದು ಯಾವಾಗ?

ಹರಿಹರದವಳು:
ಎಲ್ಲರಿಗೂ ಧನ್ಯವಾದ. ಮ್ಯಾನೇಜರ್ ಹತ್ತಿರ ಮಾತಾಡಿ ಒಂಬತ್ತು ದಿನ ರಜೆ ಮಾಡಿಸಿಕೊಂಡೆ. ಮಾಸ್ತರ ಕಥೆಯನ್ನು ಅಮ್ಮನಿಗೆ ಓದಿ ಹೇಳಿದೆ. ವಾಪಸ್ ಬರೋ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು" ಅಂದರು. ಸಲ್ವಾರ್‌ಗೆ ಒಪ್ಪೋಕೆ ಮಾತ್ರ ಎರಡು ದಿನ ಬೇಕಾಯ್ತು. ಈಗ ಅವರದ್ದು ಒಂದೇ ಪ್ರಶ್ನೆ. ಲಿಂಚೋಲಿಯಲ್ಲಿ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಹೊರಡೋಕೆ ಬಿಸಿನೀರು ಸಿಗುತ್ತಾ?

ಧಾರವಾಡದ ಲೆಕ್ಕದ ಮಾಸ್ತರ:
ರೊಕ್ಕಾ ಕೊಟ್ರ ಬಕೆಟ್ ನೀರು ಸಿಗ್ತೈತಿ. ಕೈಕಾಲು ಮಾರಿ ತೊಳಕೊಂಡ್ರ ಸಾಕು ಅನ್ರಿ. ನಮ್ಮಾಕಿ ಕೇಳಲಿಲ್ಲ, ತಲಿ ಎರಕೊಂಡ್ಲು. ಆ ಚಳಿಯೊಳಗ ಕೂದಲಾ ಎಲ್ಲಿ ಒಣಗ್ತಾವ? ನನ್ನ ಟಾವೆಲ್ ತಲಿಗೆ ಸುತ್ತಿ, ಅದರ ಮ್ಯಾಲೆ ಉಣ್ಣಿ ಟೊಪಗಿ ಏರಿಸಿಕೊಂಡು ದರ್ಶನ ಮಾಡಿದ್ಲು. ಗುಡಿ ಮುಂದಿನ ಫೋಟೋದಾಗ ಆಕಿ ತಲಿ ಕುಂಬಳಕಾಯಿ ಹಂಗ ಕಾಣತೈತಿ. ಫ್ರೇಮ್ ಹಾಕಿಸಲಿಕ್ಕೆ ಇನ್ನೂ ಬಿಟ್ಟಿಲ್ಲ.