ಮೀಸೆ ಇಟ್ಟರೂ ನನ್ನ ಅವತಾರ್ ಹುಡುಗಿ ಥರಾನೇ ಕಾಣುತ್ತಾನೆ, ಏನು ಮಾಡಲಿ?

ಬಸವನಗುಡಿಯಿಂದ ಪ್ರಶ್ನೆ:
ಭಾನುವಾರ ರಾತ್ರಿ ಲೈವ್‌ನಲ್ಲಿ ಕನ್ನಡ ಕಥೆ ಓದಬೇಕು ಅಂತ ಆಸೆ. ಮುಖ ತೋರಿಸುವ ಧೈರ್ಯ ಇಲ್ಲ. ಅದಕ್ಕೇ ವಿರಾಯ್ಡ್ ಸ್ಟುಡಿಯೋ ಅನ್ನೋ 3ಡಿ ಗೊಂಬೆ ಮಾಡುವ ಸಾಫ್ಟ್‌ವೇರ್ ಹಾಕಿಕೊಂಡು, ನನ್ನ ಬದಲು ಪರದೆಯ ಮೇಲೆ ಕಾಣಲು ಅನಿಮೆ (ಜಪಾನಿ ಕಾರ್ಟೂನ್) ಥರದ ಗಂಡು ಅವತಾರ್ ಮಾಡುತ್ತಿದ್ದೇನೆ. ಮೂವತ್ತರ ಆಸುಪಾಸಿನ, ಎಣ್ಣೆಗೆಂಪು ಬಣ್ಣದ, ಮೀಸೆ ಇರುವ ಮನುಷ್ಯ ಬೇಕು. ಸಾಧ್ಯವಾದರೆ ಪಂಚೆ. ಮೂರು ಸಲ ಮಾಡಿದೆ. ಮೂರು ಸಲವೂ ಸ್ಕೂಲ್ ಡೇ ನಾಟಕಕ್ಕೆ ಹುಡುಗಿ ಮೀಸೆ ಅಂಟಿಸಿಕೊಂಡ ಹಾಗಿದೆ. ಅಮ್ಮ ನೋಡಿ "ಯಾರೋ ಇದು, ಲಕ್ಷಣವಾಗಿದ್ದಾಳೆ" ಅಂದರು. ಮಾಡಿ ಅನುಭವ ಇರುವವರು ಹೇಳಿ.

ಮಲ್ಲೇಶ್ವರದಿಂದ:
ನನ್ನ ಮೊದಲ ಐದಾರು ಗಂಡಸರ ಕಥೆಯೂ ಇದೇ. ಶುರುವಿನಲ್ಲಿ ಗಂಡು ಮಾದರಿ ಆರಿಸಿದರೂ ಅದು ಕೊಡುವುದು ಒಬ್ಬ ನಾಜೂಕು ಹುಡುಗನನ್ನು. ಆಮೇಲೆ ನಾವೆಲ್ಲ ಕಣ್ಣಿನ ಮೇಲೇ ಬೀಳುತ್ತೇವೆ. ಎರಡು ಗಂಟೆ ರೆಪ್ಪೆಗೂದಲು ತಿದ್ದುತ್ತೇವೆ. ತಪ್ಪು ಇರುವುದು ಕತ್ತಿನಲ್ಲಿ.

ಒಂದು ದಿನ ಮೆಟ್ರೋದಲ್ಲಿ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೆ ಸುಮ್ನೆ ಗಂಡಸರ ಕತ್ತು ನೋಡುತ್ತಾ ಹೋದೆ. ಇಂದಿರಾನಗರದ ಹತ್ತಿರ ಒಬ್ಬರು ನನ್ನನ್ನು ದುರುಗುಟ್ಟಿ ನೋಡಿದರು, ಅದು ಬೇರೆ ಮಾತು. ಕಿವಿಯ ಕೆಳಗಿಂದ ಕತ್ತು ಹೆಚ್ಚುಕಡಿಮೆ ದವಡೆಯಷ್ಟೇ ಅಗಲಕ್ಕೆ ಇಳಿದು ಭುಜಕ್ಕೆ ಇಳಿಜಾರಾಗಿ ಸೇರುತ್ತದೆ. ನಮ್ಮ ಅವತಾರ್‌ಗಳ ಕತ್ತು ಲಾಲಿಪಾಪಿನ ಕಡ್ಡಿ. ಅದರ ಮೇಲೆ ಎಂಥ ಮೀಸೆ ಇಟ್ಟರೂ ನಿಲ್ಲುವುದಿಲ್ಲ.

ಹಾಗಾಗಿ ಮುಖ ಮುಟ್ಟುವ ಮೊದಲು ಮೈ ಸರಿ ಮಾಡಿ. ತಲೆ ಚಿಕ್ಕದು ಮಾಡಿ, ಇಡೀ ಎತ್ತರ ಸುಮಾರು 7 ತಲೆಯಷ್ಟು ಬರಲಿ. ಕತ್ತು ದಪ್ಪ, ಭುಜ ಅಗಲ, ಸೊಂಟ ಕಮ್ಮಿ. ಅಂಗೈ ದೊಡ್ಡದು ಮಾಡುವುದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ಮುಖ. ಕಣ್ಣಿನ ಎತ್ತರ ಇಳಿಸಿ, ಅಗಲ ಹಾಗೇ ಇರಲಿ. ಕಣ್ಣಿನ ಪಾಪೆ ಚಿಕ್ಕದಾಗಲಿ, ಅದರೊಳಗಿನ ಹೊಳೆಯುವ ಚುಕ್ಕೆ ಒಂದೇ ಸಾಕು. ಹುಬ್ಬು ದಪ್ಪ ಮಾಡಿ ಕಣ್ಣಿಗೆ ಹತ್ತಿರ ತನ್ನಿ. ಕೆಳಗಿನ ರೆಪ್ಪೆಗೂದಲು ಪೂರ್ತಿ ತೆಗೆಯಿರಿ. ಮೂಗು ಉದ್ದ, ಗಲ್ಲ ಅಗಲ. ಅನಿಮೆ ಅಂತ ಗಲ್ಲ ಚೂಪು ಮಾಡುವ ಚಟ ಬಿಡಿ.

ಕೊನೆಗೆ ತಲೆಗೂದಲು ಪೂರ್ತಿ ತೆಗೆದು ನೋಡಿ. ಬೋಳುತಲೆಯಲ್ಲೂ ಗಂಡಸು ಅನಿಸಿದರೆ ಗೆದ್ದಿರಿ. ಅನಿಸದಿದ್ದರೆ ಕೂದಲು ನಿಮ್ಮನ್ನು ಕಾಪಾಡಲ್ಲ.

ವಿಜಯನಗರದಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಬಣ್ಣದ ವಿಷಯ ಬಿಟ್ಟರು, ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದೇ ಅದು. ವಿರಾಯ್ಡ್‌ನಲ್ಲಿ ಪ್ರತಿ ಭಾಗಕ್ಕೂ ಎರಡು ಬಣ್ಣ. ಒಂದು ಬೆಳಕು ಬಿದ್ದ ಕಡೆಗೆ, ಇನ್ನೊಂದು ನೆರಳಿಗೆ. ನಾನು ಮೊದಲನೆಯದನ್ನು ಮಾತ್ರ ಕಂದು ಮಾಡಿದೆ. ನೆರಳು ಹಳೆಯ ಗುಲಾಬಿಯಲ್ಲೇ ಉಳಿಯಿತು. ಮೂಗಿನ ಪಕ್ಕ, ಗಲ್ಲದ ಕೆಳಗೆ ಗುಲಾಬಿ ಮಚ್ಚೆ. ಹುಡುಗ ಚರ್ಮದ ಡಾಕ್ಟರ ಹತ್ತಿರ ಹೋಗಬೇಕಾದ ಹಾಗಿದ್ದ. ನೆರಳಿನ ಬಣ್ಣವೂ ಕಂದೇ ಇರಲಿ, ಇನ್ನಷ್ಟು ಗಾಢ, ಒಂಚೂರು ಕೆಂಪಿನ ಕಡೆ. ಬೂದು ಬೆರೆಸಬೇಡಿ, ಮುಖ ಸತ್ತ ಹಾಗಾಗುತ್ತದೆ. ಕೆನ್ನೆಯ ಕೆಂಪು ತೆಗೆಯಿರಿ. ತುಟಿಯನ್ನು ಚರ್ಮಕ್ಕಿಂತ ಒಂದೇ ಮೆಟ್ಟಿಲು ಗಾಢ ಮಾಡಿ. ಇನ್ನೊಂದು, ಮುಖದ ಟೆಕ್ಸ್ಚರ್ (ಮೇಲೆ ಹೊದಿಸುವ ಚಿತ್ರ) ಬೇರೆ, ಮೈಯದು ಬೇರೆ. ಹೊರಗಿನ ಟೆಕ್ಸ್ಚರ್ ಒಂದಕ್ಕೆ ಮಾತ್ರ ಹಾಕಿದರೆ ಕತ್ತಿನಲ್ಲಿ ದಾರ ಕಟ್ಟಿದ ಹಾಗೆ ಗೆರೆ ಬೀಳುತ್ತದೆ.

ಮೀಸೆಗೆ ಎರಡು ದಾರಿ. ಮುಖದ ಟೆಕ್ಸ್ಚರ್ ಮೇಲೆ ಹೊಸ ಲೇಯರ್ ಮಾಡಿ ಬರೆಯಬಹುದು, ಇಲ್ಲ ಕೂದಲಿನ ಟೂಲ್‌ನಲ್ಲಿ ಎಳೆ ಎಳೆಯಾಗಿ ಕಟ್ಟಬಹುದು. ಎರಡನೆಯದು ಪಕ್ಕದಿಂದ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಅದು ತಲೆಗೆ ಅಂಟಿರುತ್ತದೆ, ತುಟಿಗಲ್ಲ. ಬಾಯಿ ತೆರೆದಾಗ ತುಟಿ ಅಲುಗಾಡುತ್ತದೆ, ಮೀಸೆ ಗೋಡೆ ಗಡಿಯಾರದ ಹಾಗೆ ನಿಂತೇ ಇರುತ್ತದೆ. ನೀವು ಗಂಟೆಗಟ್ಟಲೆ ಮಾತಾಡುವವರು. ಬರೆದ ಮೀಸೆಯೇ ವಾಸಿ. ಕಪ್ಪು ಪಟ್ಟಿ ಎಳೆಯಬೇಡಿ. ಮೂಗಿನ ಕೆಳಗೆ ಮಧ್ಯದಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟು, ತುದಿಗೆ ಬರುತ್ತಾ ತೆಳು ಮಾಡಿ.

ಯಲಹಂಕದಿಂದ:
ಪಂಚೆ ಯಾಕೆ ಸ್ವಾಮಿ? ಲೈವ್‌ನಲ್ಲಿ ಎದೆಯಿಂದ ಮೇಲಷ್ಟೇ ಕಾಣುವುದು. ನಾನು ಉದ್ದ ಲಂಗದ ಮಾದರಿ ಹಿಡಿದು, ಬಿಳಿ ಬಳಿದು, ಅಂಚು ಬರೆದು ಒಂದು ವಾರ ಕಳೆದೆ. ಇವತ್ತಿನವರೆಗೆ ಒಬ್ಬರೂ ನೋಡಿಲ್ಲ. ಶಲ್ಯ ಹಾಕಿ, ಅದಾದರೂ ಕಾಣುತ್ತದೆ. ಆದರೆ ಅದನ್ನು ಕೂದಲಿನ ಟೂಲ್‌ನಲ್ಲಿ ಮಾಡಲೇಬೇಡಿ. ನಾನು ಮಾಡಿದ್ದೆ. ತಲೆ ಎಡಕ್ಕೆ ತಿರುಗಿಸಿದರೆ ಶಲ್ಯವೂ ಭುಜ ಬಿಟ್ಟು ಎಡಕ್ಕೆ ಹೊರಟಿತು! ಅಂಗಿಯ ಟೆಕ್ಸ್ಚರ್ ಮೇಲೇ ಮಡಿಕೆ ಸಮೇತ ಬರೆದುಬಿಡಿ.

ಜಯನಗರದಿಂದ:
ಕೂದಲು ಎಳೆ ಎಳೆಯಾಗಿ ಬರೆಯುತ್ತಾ ಕೂತರೆ ಪಾಲಿಗನ್, ಅಂದರೆ ಅವತಾರ್ ಕಟ್ಟುವ ಪುಟ್ಟ ತ್ರಿಕೋನಗಳು, ಬೆಟ್ಟದಷ್ಟು ಬೆಳೆಯುತ್ತವೆ. ಓದುವುದಕ್ಕೆ ಮಾತ್ರ ಆದರೆ ತೊಂದರೆ ಇಲ್ಲ. ಮುಂದೆ ವಿಆರ್‌ಚಾಟ್‌ಗೂ (ಅವತಾರ್ ಹಾಕಿಕೊಂಡು ಜನ ಸೇರುವ ಆನ್‌ಲೈನ್ ಲೋಕ) ಬೇಕು ಅನಿಸಿದರೆ, ಅಲ್ಲಿ ಪಿಸಿಗೆ ಅವತಾರ್ ಎಷ್ಟು ಹಗುರ ಅನ್ನುವ ದರ್ಜೆಯಲ್ಲಿ 'ಗುಡ್' ಅನಿಸಿಕೊಳ್ಳಲು 70,000 ತ್ರಿಕೋನದ ಒಳಗಿರಬೇಕು. ಗಂಡಸಿನ ಗಿಡ್ಡ ಕೂದಲಿಗೆ ದಪ್ಪ ದಪ್ಪ ಎಳೆ ಸಾಕು. ಎಕ್ಸ್‌ಪೋರ್ಟ್ ಮಾಡುವಾಗ ಪಾಲಿಗನ್ ಕಮ್ಮಿ ಮಾಡುವ ಆಯ್ಕೆಯೂ ಇದೆ.

ಮತ್ತೆ ಆಗಾಗ ಸೇವ್ ಮಾಡಿ. ಕರೆಂಟ್ ಹೋಗಿ ನನ್ನ ಒಂದಿಡೀ ಶನಿವಾರ ಹೋಯಿತು.

ರಾಜಾಜಿನಗರದಿಂದ:
ಓದುವ ಭಾಗ ಯಾರೂ ಹೇಳಲಿಲ್ಲ. ನಾನು ವಿಸೀಫೇಸ್ ಬಳಸುತ್ತೇನೆ, ಕ್ಯಾಮೆರಾದಲ್ಲಿ ನಮ್ಮ ಮುಖ ನೋಡಿ ಅವತಾರ್ ಅಲುಗಾಡಿಸುವ ಸಾಫ್ಟ್‌ವೇರ್. ಪುಕ್ಕಟೆ, ಮಾಮೂಲಿ ವೆಬ್‌ಕ್ಯಾಮ್ ಸಾಕು. ನನ್ನದು ಎಸ್.ಪಿ. ರೋಡಿನಲ್ಲಿ ತಂದ ಸೆಕೆಂಡ್ ಹ್ಯಾಂಡ್. ಒಂದೇ ಎಚ್ಚರ: ವಿರಾಯ್ಡ್‌ನಿಂದ ಹೊರಗೆ ತೆಗೆಯುವಾಗ ವಿಆರ್‌ಎಂ (ಅವತಾರ್ ಫೈಲಿನ ನಮೂನೆ) 0.0 ಆರಿಸಿ. 1.0 ಆರಿಸಿದರೆ ವಿಸೀಫೇಸ್ ಓದುವುದಿಲ್ಲ. ಇದು ಗೊತ್ತಿಲ್ಲದೆ ನಾನು ಲ್ಯಾಪ್‌ಟಾಪ್‌ಗೆ ಬೈದುಕೊಂಡು ಎರಡು ದಿನ ಕೂತಿದ್ದೆ.

ಒಂದು ಖುಷಿಯ ವಿಷಯ. ವಿಆರ್‌ಎಂ ಜಪಾನಿನದು, ಬಾಯಿಗೆ ಅವರ ಐದು ಸ್ವರದ ಆಕಾರ ಇಟ್ಟಿದ್ದಾರೆ: ಅ, ಇ, ಉ, ಎ, ಒ. ನಮ್ಮದೇ ಅಲ್ವಾ! ಅದಕ್ಕೇ ಕನ್ನಡ ಓದುವಾಗ ಬಾಯಿ ಚೆನ್ನಾಗಿ ಕೂರುತ್ತದೆ. ಪ, ಬ, ಮ ಅಕ್ಷರಗಳಿಗೆ ಬೇರೆ ಆಕಾರ ಇಲ್ಲ. 'ಅಮ್ಮ' ಅನ್ನುವಾಗ ತುಟಿ ಪೂರ್ತಿ ಮುಚ್ಚದೆ ಜಾರಿಕೊಂಡು ಹೋಗುತ್ತದೆ. ಒಂಚೂರು ನಿಧಾನವಾಗಿ ಓದಿದರೆ ಗೊತ್ತಾಗುವುದಿಲ್ಲ. ಕನ್ನಡಕ ಇದ್ದರೆ ಟ್ಯೂಬ್‌ಲೈಟ್ ಅದರ ಮೇಲೆ ಹೊಳೆಯದಂತೆ ಕೂರಿ. ಕ್ಯಾಮೆರಾಗೆ ಕಣ್ಣು ಸರಿಯಾಗಿ ಕಾಣದೆ ನನ್ನ ಅವತಾರ್ ಮೊದಲ ವಾರ ಪೂರ್ತಿ ತೂಕಡಿಸುತ್ತಲೇ ಓದಿದ.

ಬಸವನಗುಡಿಯಿಂದ, ಎರಡು ದಿನ ಬಿಟ್ಟು:
ಬೋಳುತಲೆ ಪರೀಕ್ಷೆ ಮಾಡಿದೆ. ಮೊದಲ ಮೂವರೂ ಫೇಲ್. ಕತ್ತು ದಪ್ಪ ಮಾಡಿ, ತಲೆ ಚಿಕ್ಕದು ಮಾಡಿ, ಹುಬ್ಬು ಇಳಿಸಿದ ಮೇಲೆ ನಾಲ್ಕನೆಯವನು ಪಾಸ್, ಮೀಸೆ ಬರೆಯುವ ಮೊದಲೇ. ನೆರಳಿನ ಬಣ್ಣ ನನ್ನದೂ ಗುಲಾಬಿಯಲ್ಲೇ ಇತ್ತು, ಬದಲಾಯಿಸಿದೆ. ಪಂಚೆಯ ಆಸೆ ಬಿಟ್ಟೆ, ಶಲ್ಯ ಬರೆಯುತ್ತಿದ್ದೇನೆ. ಇನ್ನೂ ಕೂದಲು ಹಾಕಿಲ್ಲ. ಅಮ್ಮ ಹಿಂದಿನಿಂದ ಬಂದು ನೋಡಿ, "ತಿರುಪತಿಗೆ ಹೋಗಿದ್ನಾ?" ಅಂದರು.