ಸಹಾಯ ಬೇಕು: ಮುಳುಗಿದ ದ್ವೀಪದ ಹಳೇ ಪೇಪರ್ ಸುದ್ದಿ

ನಮಸ್ಕಾರ. ಕಾರವಾರದ ಕೋಡಿಬಾಗದಿಂದ ಬರೀತಿದ್ದೇನೆ. ಮಗಳು ಶಾಲೆಯಲ್ಲಿ ನ್ಯೂ ಮೂರ್ ದ್ವೀಪದ ಬಗ್ಗೆ ಮಾತಾಡಬೇಕು. ಅದು 1970ರ ಚಂಡಮಾರುತದ ನಂತರ, ಭಾರತ-ಬಾಂಗ್ಲಾದೇಶ ಗಡಿಯ ಹರಿಯಾಭಂಗಾ ನದಿ ಬಂಗಾಳ ಕೊಲ್ಲಿ ಸೇರುವಲ್ಲಿ ಎದ್ದ ಮರಳುದಿಬ್ಬ. ನಾವು ಪೂರ್ಬಾಶಾ ಅಂದೆವು, ಬಾಂಗ್ಲಾದೇಶದವರು ದಕ್ಷಿಣ ತಲಪಟ್ಟಿ ಅಂದರು. ಅಲ್ಲಿ ಒಂದು ಮನೆಯೂ ಇರಲಿಲ್ಲ. ಜಗಳ ಸುತ್ತಲಿನ ಸಮುದ್ರಕ್ಕೆ, ಅಲ್ವಾ? 2010ರ ಹೊತ್ತಿಗೆ ನೀರೇ ಅದನ್ನು ನುಂಗಿತ್ತು. ಎರಡು ದೇಶಗಳ ಸಮುದ್ರ ಗಡಿಯ ಬಗ್ಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪು ಬಂದದ್ದು 2014ರಲ್ಲಿ!

ಕಾಳಿ ನದಿ ನೋಡಿ ಬೆಳೆದ ಹುಡುಗಿ, ಮರಳಿನ ಮಾತು ಬೇಗ ಅರ್ಥವಾಯಿತು. ಸಮುದ್ರದಲ್ಲಿ ಗಡಿ ಎಳೆಯುವ ಲೆಕ್ಕ ಅರ್ಥವಾಗಿಲ್ಲ. ಅದನ್ನು ಸರಳವಾಗಿ ಹೇಳಿಕೊಡುವವರು ಇದ್ದೀರಾ? ಈ ಜಗಳ ಜೋರಾಗಿದ್ದ 1981ರ ಕನ್ನಡ ಪತ್ರಿಕೆಯ ಸುದ್ದಿ ಯಾರ ಬಳಿಯಾದರೂ ಇದ್ದರೆ ಫೋಟೋ ಕಳಿಸಿ. ಶನಿವಾರದೊಳಗೆ ಸಿಕ್ಕರೆ ತುಂಬಾ ಉಪಕಾರ.