ಪದ ಬೇಕು: ‘ಮೂಡ್ ಡಿಸಾರ್ಡರ್’ ಇರುವವರ ‘ನರ್ಸಿಂಗ್ ಕೇರ್’

ಎಲ್ಲರಿಗೂ ನಮಸ್ಕಾರ. ಬುಧವಾರದೊಳಗೆ ಉತ್ತರ ಬೇಕು. ನಾನು ಮನೋರೋಗ ವಾರ್ಡಿನ ನರ್ಸ್. ಬಾಗಿಲಿಗೊಂದು ಫಲಕ, ಮನೆಯವರಿಗೊಂದು ಕರಪತ್ರ ಸಿದ್ಧವಾಗಬೇಕು. ಮೇಲಿನ ಮಾತನ್ನು ಅನುವಾದಕರು ‘ಚಿತ್ತವಿಕಾರ ರೋಗಿಗಳ ಶುಶ್ರೂಷಾ ಆರೈಕೆ’ ಎಂದು ಮಾಡಿಕೊಟ್ಟಿದ್ದಾರೆ. ವಿಕಾರ ಎಂದರೆ ಜನರಿಗೆ ಮುಖ ವಿಕಾರ, ರೂಪ ವಿಕಾರ. ಮಗಳನ್ನು ದಾಖಲಿಸಲು ಬಂದ ತಾಯಿ ಆ ಫಲಕದ ಕೆಳಗೆ ಕೂರಬೇಕಲ್ಲ ಎಂದು ಸಂಕಟವಾಗುತ್ತದೆ. ‘ಖಿನ್ನತೆ’ ಸಾಲದು. ಐಸಿಡಿ-10 ಎಂಬ ಅಂತರರಾಷ್ಟ್ರೀಯ ರೋಗಪಟ್ಟಿಯಲ್ಲಿ ಮೂಡ್ ಡಿಸಾರ್ಡರ್‌ಗಳದು ಎಫ್30ರಿಂದ ಎಫ್39ರವರೆಗಿನ ಗುಂಪು. ಅದರಲ್ಲಿ ಮನಸ್ಸು ಅತಿಯಾಗಿ ಉಬ್ಬುವ ಉನ್ಮಾದವೂ, ಉನ್ಮಾದ ಖಿನ್ನತೆಗಳೆರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯೂ ಸೇರಿವೆ.

*

‘ಬಗೆ’ ಇರುವಾಗ ಚಿತ್ತವೇಕೆ? ಹಳಗನ್ನಡದಲ್ಲಿ ಬಗೆ ಎಂದರೆ ಮನಸ್ಸು. ‘ಕೇಡು ಬಗೆದ’, ‘ದ್ರೋಹ ಬಗೆದ’ ಎನ್ನುವಾಗ ಆ ಅರ್ಥ ಇಂದಿಗೂ ಜೀವಂತ. ‘ಬಗೆಯೇರಿಳಿತದ ಬೇನೆ’ ಎಂದು ಬರೆಯಿರಿ. ಸಂಸ್ಕೃತದ ಮುಂದೆ ಕೈಯೊಡ್ಡುವ ಚಾಳಿ ಇನ್ನಾದರೂ ನಿಲ್ಲಲಿ.

*

ಆಗದು. ‘ಬಗೆ’ ಎಂದು ಓದಿದವರು ಯಾವ ಬಗೆ ಎಂದು ಕೇಳುತ್ತಾರೆ. ‘ಏರಿಳಿತ’ವೂ ತಪ್ಪು: ಬರಿಯ ಖಿನ್ನತೆಯಲ್ಲಿ ಇಳಿತವುಂಟು, ಏರುವುದೆಲ್ಲಿ? ಶುಶ್ರೂಷೆಯನ್ನಂತೂ ಬಿಡಬೇಡಿ. ಅದು ‘ಕೇಳು’ ಎಂಬರ್ಥದ ‘ಶ್ರು’ ಧಾತುವಿನ ಸನ್ನಂತ, ಎಂದರೆ ಬಯಕೆಯನ್ನು ಸೂಚಿಸುವ ರೂಪ. ಪಿಪಾಸೆ, ಜಿಜ್ಞಾಸೆಗಳ ಜಾತಿಯದು. ಕೇಳಬೇಕೆಂಬ ಬಯಕೆಯೇ ಸೇವೆ ಎಂಬ ಅರ್ಥಕ್ಕೆ ಬೆಳೆದಿದೆ. ಸೋತ ಮನಸ್ಸಿನವರ ಬಳಿ ಕೂರುವವರಿಗೆ ಇದಕ್ಕಿಂತ ತಕ್ಕ ಪದ ಯಾವ ನುಡಿಯಲ್ಲಿದೆ?

*

ಕೇಳುವುದು ಸರಿ ಸರ್, ಆದರೆ ಈ ಕೆಲಸದಲ್ಲಿ ನಿವೃತ್ತಳಾದ ನನಗೆ ‘ಆರೈಕೆ’ಯೇ ಹತ್ತಿರ. ಅದರ ಮೂಲ ‘ಆರಯ್’: ಹುಡುಕಿ ನೋಡು, ವಿಚಾರಿಸು, ಕಾಪಾಡು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಔಷಧ ತೆಗೆದುಕೊಳ್ಳುವವರ ಕೈನಡುಕ ಹೆಚ್ಚಿತೇ, ವಾಂತಿಭೇದಿ ಶುರುವಾಯಿತೇ, ನಡಿಗೆ ತೂರಾಡುತ್ತಿದೆಯೇ ಎಂದು ನೋಡುತ್ತಲೇ ಇರಬೇಕು. ನೀರು ಕಡಿಮೆಯಾದರೆ, ಉಪ್ಪನ್ನು ಒಮ್ಮೆಲೇ ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಆದ್ದರಿಂದ ಉಪವಾಸದ ದಿನಗಳನ್ನೂ ವಿಚಾರಿಸಬೇಕು. ರಕ್ತಪರೀಕ್ಷೆಗೆ ಕೊನೆಯ ಮಾತ್ರೆಯಾಗಿ 12 ಗಂಟೆ ಕಳೆದಿರಬೇಕು. ಆ ಲೆಕ್ಕವೂ ನಮ್ಮದೇ. ಇನ್ನು ಖಿನ್ನತೆಯವರು. ಔಷಧ ಹಿಡಿಯುವ ಮೊದಲ ವಾರಗಳಲ್ಲಿ ಮನಸ್ಸಿಗಿಂತ ಮುಂಚೆ ಮೈಗೆ ಚೈತನ್ಯ ಬರುವುದುಂಟು. ಎದ್ದು ತಲೆ ಬಾಚಿಕೊಂಡರೆಂದು ಮನೆಯವರು ಹಿಗ್ಗುತ್ತಾರೆ. ಸಾಯುವ ಯೋಚನೆ ಇನ್ನೂ ಹೋಗಿರದಿದ್ದರೆ ಕಣ್ಣು ತೆಗೆಯಬಾರದ ಹೊತ್ತು ಅದೇ. ಕರಪತ್ರದಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿಸಮ್ಮ.

*

‘ಲಿಥಿಯಂ’, ‘ಬೈಪೋಲಾರ್’, ‘ವಾರ್ಡ್’! ಬಾಗಿಲು ಹೀಗೆ ತೆರೆದಿಟ್ಟು ಒಳಗೆ ಕನ್ನಡ ಉಳಿಯಲಿ ಎಂದರೆ ಹೇಗೆ?

*

ಮಾತ್ರೆಯ ಚೀಟಿಯಲ್ಲಿರುವುದು ಲಿಥಿಯಂ. ಅದಕ್ಕೆ ಬೇರೆ ಹೆಸರು ಕಟ್ಟಿ ರೋಗಿಯನ್ನು ಔಷಧಿ ಅಂಗಡಿಯಲ್ಲಿ ತಡಕಾಡಿಸುವುದು ಭಾಷಾಭಿಮಾನವಲ್ಲ.

*

ಎಲ್ಲರಿಗೂ ವಂದನೆ. ಫಲಕಕ್ಕೆ ‘ಮನಸ್ಥಿತಿ ಆರೈಕೆ ವಿಭಾಗ’ ಎಂದು ಗೊತ್ತುಮಾಡಿದ್ದೇವೆ. ‘ಮನಃಸ್ಥಿತಿ’ ಶುದ್ಧರೂಪವೆಂದು ಮೂವರು ಪ್ರತ್ಯೇಕವಾಗಿ ಬರೆದಿದ್ದೀರಿ. ಪತ್ರಿಕೆಗಳಲ್ಲಿ ವಿಸರ್ಗವಿಲ್ಲದ ರೂಪ ನೆಲೆಯೂರಿದೆ, ಹಾಗೆಯೇ ಇರಲಿ. ‘ಕಾಯಿಲೆ’ ಎಂಬ ಪದವನ್ನು ಕರಪತ್ರದಲ್ಲಿ ಉಳಿಸಿಕೊಂಡಿದ್ದೇನೆ, ಇಲ್ಲದಿದ್ದರೆ ಸೋಮಾರಿತನವೆಂದು ಬೈಯುವ ಮನೆಗಳಿವೆ. ಶುಶ್ರೂಷೆಯ ಆ ಅರ್ಥ ತಿಳಿಸಿದ್ದಕ್ಕೆ ಸರ್‌ಗೆ ವಿಶೇಷ ಧನ್ಯವಾದ. ನಮ್ಮ ವಿದ್ಯಾರ್ಥಿನಿಯರಿಗೆ ಹೇಳುತ್ತೇನೆ. ‘ಫಿಂಗರ್ ಫುಡ್’ಗೂ ಪದ ಕೇಳಬೇಕೆಂದಿದ್ದೆ. ಉನ್ಮಾದದಲ್ಲಿ ಕೂತು ಉಣ್ಣುವಷ್ಟು ನಿಲುಗಡೆ ಇರುವುದಿಲ್ಲ. ಆದ್ದರಿಂದ ‘ಓಡಾಡುತ್ತಲೇ ತಿನ್ನುವಂತೆ ಚಪಾತಿ ಸುರುಳಿ, ಇಡ್ಲಿ, ಬಾಳೆಹಣ್ಣು ಕೈಗೆ ಕೊಡಿ’ ಎಂದು ಬರೆದೆ. ಅದಕ್ಕೆ ಪದ ಬೇಕಾಗಲಿಲ್ಲ.